ಎರಡು ಪೀಕ್ ಬಂದರೆ ಸಾಕಾ? ಕೈರಲ್ ಕಾಲಮ್ ಜೊತೆ ನನ್ನ ಅನುಭವ

ಎಸೊಮೆಪ್ರಜೋಲ್ ಮಾತ್ರೆ ಗೊತ್ತಲ್ವಾ, ಅಸಿಡಿಟಿಗೆ ಬರೆದುಕೊಡ್ತಾರೆ. ಒಮೆಪ್ರಜೋಲ್‌ನಲ್ಲಿ ಒಂದಕ್ಕೊಂದು ಕನ್ನಡಿಬಿಂಬದಂಥ ಎರಡು ರೂಪಗಳು ಅರ್ಧರ್ಧ ಇರುತ್ತವೆ. ಅವುಗಳಲ್ಲಿ 'ಎಸ್' ರೂಪವೇ ಎಸೊಮೆಪ್ರಜೋಲ್. ಅದರೊಳಗೆ ಇನ್ನೊಂದು ರೂಪವಾದ 'ಆರ್' ಎಷ್ಟು ಉಳಿದಿದೆ ಎಂದು ಎಚ್‌ಪಿಎಲ್‌ಸಿಯಲ್ಲಿ ನೋಡುವುದು ನನ್ನ ಕೆಲಸವಾಗಿತ್ತು. ಮಿಶ್ರಣವನ್ನು ದ್ರವದ ಜೊತೆ ಕಾಲಮ್ ಎಂಬ ಕೊಳವೆಯಲ್ಲಿ ಹಾಯಿಸಿ ಬೇರ್ಪಡಿಸುವ ಮೆಷಿನ್ ಅದು; ಹೊರಬರುವ ಒಂದೊಂದು ವಸ್ತುವೂ ಗ್ರಾಫ್‌ನಲ್ಲಿ ಒಂದು ಪೀಕ್ ಆಗಿ ಕಾಣುತ್ತದೆ.

ಮಾಮೂಲಿ ಸಿ18 ಕಾಲಮ್‌ನಲ್ಲಿ ಎರಡೂ ಒಟ್ಟಿಗೆ ಬಂದು ಒಂದೇ ಪೀಕ್ ಆಗುತ್ತವೆ. ಹಾಗಾಗಿ ಕನ್ನಡಿಬಿಂಬ ರೂಪಗಳನ್ನು ಬೇರ್ಪಡಿಸುವ, ಅಮೈಲೋಸ್ ಕಾರ್ಬಮೇಟ್ ಲೇಪಿಸಿದ ಕೈರಲ್ ಕಾಲಮ್ ಹಾಕಿದೆ. ಇಂಥ ಕಾಲಮ್‌ಗಳ ಹಿಂದಿರುವವರು ಜಪಾನಿನ ಯೋಶಿಯೊ ಒಕಾಮೊಟೊ, 2019ರ ಜಪಾನ್ ಪ್ರೈಜ್ ಪಡೆದವರು. ಮೊಬೈಲ್ ಫೇಸ್ (ಕಾಲಮ್ ಮೂಲಕ ಹರಿಯುವ ದ್ರವ) ಆಗಿ ಹೆಕ್ಸೇನ್, ಎಥನಾಲ್, ಜೊತೆಗೆ ಶೇ 0.1 ಡೈಈಥೈಲ್‌ಅಮೀನ್. ಅಮೀನ್ ಇಲ್ಲದಿದ್ದರೆ ಪೀಕಿಗೆ ಬಾಲ ಬರುತ್ತದೆ. ಅದೂ ಅಲ್ಲದೆ ಈ ಔಷಧಿಗೆ ಆಸಿಡ್ ಆಗಿಬರಲ್ಲ. ವಯಲ್‌ನಲ್ಲಿರುವ ದ್ರಾವಣ ನೇರಳೆಗೆ ತಿರುಗಿತೆಂದರೆ ಕೆಟ್ಟಿತು ಎಂದೇ ಅರ್ಥ.

ಮೆಷಿನ್‌ನಲ್ಲಿ ಮೊದಲು ಬಫರ್ (ನೀರಿನಲ್ಲಿ ಲವಣ ಕರಗಿಸಿದ ದ್ರಾವಣ) ಓಡಿತ್ತು. ಬಫರ್‌ಗೂ ಹೆಕ್ಸೇನ್‌ಗೂ ಬೆರೆಯುವ ಮಾತೇ ಇಲ್ಲ. ಕಾಲಮ್ ಹಾಕುವ ಮುಂಚೆ ನೀರು, ಆಮೇಲೆ ಐಸೊಪ್ರೊಪನಾಲ್ ಹಾಯಿಸಿ ತೊಳೆದೆ. ಇಂಜೆಕ್ಟರ್ ಲೂಪ್ ಕೂಡ. ಲೇಪನದ ಕಾಲಮ್‌ಗೆ ಟಿಎಚ್‌ಎಫ್, ಡೈಕ್ಲೋರೋಮೀಥೇನ್, ಅಸಿಟೋನ್‌ನಂಥ ದ್ರಾವಕ ಸೋಕಿದರೆ ಲೇಪನ ಕರಗಿಹೋಗುತ್ತದೆ. ಸ್ಯಾಂಪಲ್ ಕರಗಿಸಲು ಕೂಡ ಇವು ಬೇಡ.

ರೆಸಿಮಿಕ್ (ಎರಡೂ ರೂಪ ಅರ್ಧರ್ಧ ಇರುವ) ಒಮೆಪ್ರಜೋಲ್ ಹಾಕಿದಾಗ 302 ನ್ಯಾನೊಮೀಟರ್‌ನಲ್ಲಿ ಎರಡು ಪೀಕ್ ಬಂದವು. ವಿಸ್ತೀರ್ಣ ಸಮ, ಯುವಿ ಸ್ಪೆಕ್ಟ್ರಮ್ ಕೂಡ ಒಂದೇ. ಜೋಡಿ ಸರಿಯಾಗಿದೆ ಎಂದಾಯಿತು. ಆದರೆ ಯಾವುದು ಎಸ್, ಯಾವುದು ಆರ್? ಯುವಿ ಅದನ್ನು ಹೇಳುವುದೇ ಇಲ್ಲ. ಶುದ್ಧ ಎಸ್ ಸ್ಟ್ಯಾಂಡರ್ಡ್ ಅನ್ನು ರೆಸಿಮೇಟ್‌ಗೆ ಸ್ವಲ್ಪ ಬೆರೆಸಿ ಮತ್ತೆ ಹಾಕಿದೆ. ಬೆಳೆದ ಪೀಕ್ ಎಸ್. ವಸ್ತು ಬೆಳಕನ್ನು ಯಾವ ಕಡೆಗೆ ತಿರುಗಿಸುತ್ತದೆ ಎಂದು ನೋಡುವ ಪೋಲಾರಿಮೆಟ್ರಿಕ್ ಡಿಟೆಕ್ಟರ್ ಇದ್ದರೆ ಇನ್ನೂ ಸುಲಭ: ಒಂದು ಪೀಕ್ ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಅದರ ಸೂಕ್ಷ್ಮತೆ ಮಾತ್ರ ಕಮ್ಮಿ, ಚೂರುಪಾರು ಕಲ್ಮಶ ಅಳೆಯಲು ಯುವಿಯೇ ಬೇಕು.

ನಾನು ಜಾಸ್ತಿ ತಲೆಕೆಡಿಸಿಕೊಂಡಿದ್ದು ಬರುವ ಕ್ರಮಕ್ಕೆ. ಸಣ್ಣ ಆರ್ ಪೀಕ್ ದೊಡ್ಡ ಎಸ್ ಪೀಕಿನ ಹಿಂದೆ ಬಂದರೆ ಅದರ ಬಾಲದಲ್ಲೇ ಮುಳುಗುತ್ತದೆ, ಇಂಟಿಗ್ರೇಷನ್ (ಪೀಕಿನ ವಿಸ್ತೀರ್ಣ ಅಳೆಯುವುದು) ಬರೀ ಊಹೆ. ಆರ್ ಮೊದಲೇ ಬರಬೇಕು. ಎಥನಾಲ್ ಬದಲು ಐಸೊಪ್ರೊಪನಾಲ್ ಹಾಕಿದರೆ ಕೆಲವು ಸಂಯುಕ್ತಗಳಲ್ಲಿ ಕ್ರಮವೇ ತಿರುಗುತ್ತದೆ, ಕಾಲಮ್ ಬದಲಿಸಿದರೂ ಅಷ್ಟೇ. ಆದ್ದರಿಂದ ಏನೇ ಬದಲಿಸಿದರೂ ಸ್ಪೈಕ್ ಮಾಡಿ, ಅಂದರೆ ಹೀಗೆ ಸ್ಟ್ಯಾಂಡರ್ಡ್ ಬೆರೆಸಿ, ಮತ್ತೆ ನೋಡಲೇಬೇಕು. ಹಳೆಯ ಕ್ರೊಮ್ಯಾಟೋಗ್ರಾಮ್ ನೋಡಿ ಹೆಸರು ಹಚ್ಚುವುದನ್ನು ನಾನಂತೂ ಒಪ್ಪಲ್ಲ.

ಅಮೀನ್ ಓಡಿಸಿದ ಕಾಲಮ್ ಮೇಲೆ 'ಅಮೀನ್‌ಗೆ ಮಾತ್ರ' ಅಂತ ಚೀಟಿ ಅಂಟಿಸಿಟ್ಟಿದ್ದೇನೆ. ಎಷ್ಟು ತೊಳೆದರೂ ಸ್ವಲ್ಪ ಒಳಗೇ ಉಳಿಯುತ್ತದೆ, ಮುಂದೆ ಅದರಲ್ಲೇ ಆಸಿಡ್ ಮೆಥಡ್ ಓಡಿಸಿದರೆ ಫಲಿತಾಂಶ ನಂಬುವ ಹಾಗಿರಲ್ಲ.