ಬಸ್ಸಿನಲ್ಲಿ ವಾಂತಿ ಆಗುತ್ತಾ? ಆಪರೇಷನ್‌ಗೆ ಮುಂಚೆಯೇ ಹೇಳಿ

ಬೀದರ್‌ನಿಂದ ಕಲಬುರಗಿಗೆ ಬಸ್ಸು ಹತ್ತಿದರೆ ಕಮಲಾಪುರ ಬರುವಷ್ಟರಲ್ಲಿ ನಮ್ಮ ವೈನಿಗೆ, ಅಂದರೆ ಅತ್ತಿಗೆಗೆ, ವಾಂತಿ ಶುರು. ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಹೋದಾಗ ಇದನ್ನು ಡಾಕ್ಟರಿಗೆ ಹೇಳಬೇಕು ಅಂತ ನಮಗೆ ಹೊಳೆಯಲೇ ಇಲ್ಲ. ಆ ರಾತ್ರಿ ಪೂರ್ತಿ ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡಿದರು.

ಮೊದಲು ಈ ನಾಲ್ಕು ನೋಡಿ. ರೋಗಿ ಹೆಂಗಸಾ? ಬೀಡಿ ಸಿಗರೇಟು ಸೇದದವರಾ? ಪ್ರಯಾಣದಲ್ಲಿ ಅಥವಾ ಹಿಂದಿನ ಆಪರೇಷನ್ ಆದಾಗ ವಾಂತಿ ಆಗಿತ್ತಾ? ಆಮೇಲೆ ನೋವಿಗೆ ಮಾರ್ಫಿನ್ ತರಹದ ಔಷಧಿ ಕೊಡುತ್ತಾರಾ? ಮೂರಕ್ಕೆ ಹೌದು ಅಂದರೆ ನೂರರಲ್ಲಿ ಸುಮಾರು 60 ಜನರಿಗೆ, ನಾಲ್ಕಕ್ಕೂ ಹೌದು ಅಂದರೆ 80 ಜನರಿಗೆ ಆಪರೇಷನ್ ಆದ ಮೇಲೆ ವಾಕರಿಕೆ, ವಾಂತಿ ಕಾಡುತ್ತದೆ. ಇಂಥವರಿಗೆ ಒಂದೇ ಔಷಧಿ ಸಾಲದು, ಬೇರೆ ಬೇರೆ ರೀತಿ ಕೆಲಸ ಮಾಡುವ ಎರಡು ಮೂರು ಔಷಧಿ ಕೂಡಿಸಿ ಮೊದಲೇ ಕೊಡುತ್ತಾರೆ. ಸಾಮಾನ್ಯವಾಗಿ ಡೆಕ್ಸಾಮೆಥಾಸೋನ್ ಶುರುವಿನಲ್ಲಿ, ಒಂಡಾನ್ಸೆಟ್ರಾನ್ ಆಪರೇಷನ್ ಮುಗಿಯುವ ಹೊತ್ತಿಗೆ.

ಇನ್ನು ವಾಂತಿ ತಡೆಯುವ ಔಷಧಿಗಳಲ್ಲಿ ಯಾರಿಗೆ ಯಾವುದು ಆಗಿಬರಲ್ಲ ಅನ್ನೋದು. ಇಲ್ಲೇ ಜಾಸ್ತಿ ಹುಷಾರಾಗಿರಬೇಕು. ಡೆಕ್ಸಾಮೆಥಾಸೋನ್‌ನಿಂದ ರಕ್ತದ ಸಕ್ಕರೆ ಏರುತ್ತದೆ, ಆದ್ದರಿಂದ ಶುಗರ್ ಇದ್ದರೆ ಹೇಳಿ, ಕೊಟ್ಟರೂ ಆಗಾಗ ಸಕ್ಕರೆ ನೋಡುತ್ತಿರುತ್ತಾರೆ. ಹೃದಯದ ಬಡಿತದಲ್ಲಿ ತೊಂದರೆ ಇದ್ದವರು, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ ಇರುವವರು ಹಳೆಯ ಇಸಿಜಿ ತೋರಿಸಲೇಬೇಕು, ಯಾಕೆಂದರೆ ಒಂಡಾನ್ಸೆಟ್ರಾನ್, ಡ್ರೊಪೆರಿಡಾಲ್ ಎರಡೂ ಬಡಿತದ ಲಯ ಕೆಡಿಸಬಹುದು. ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆ ಇರುವ ಅಜ್ಜ ಅಜ್ಜಿಯರಿಗೆ ಮೆಟೊಕ್ಲೊಪ್ರಮೈಡ್ ಬೇಡವೇ ಬೇಡ, ನಡುಕ, ಬಿಗಿತ ಹೆಚ್ಚುತ್ತದೆ. ಪ್ರೊಮೆಥಜೀನ್ ಕೊಟ್ಟರೆ ವಯಸ್ಸಾದವರಿಗೆ ಮಂಪರು, ಗೊಂದಲ. ಎರಡು ವರ್ಷದೊಳಗಿನ ಮಕ್ಕಳಿಗಂತೂ ಅದನ್ನು ಕೊಡಲೇಬಾರದು. ಅಪ್ರೆಪಿಟೆಂಟ್ ಒಳ್ಳೆಯ ಔಷಧಿಯೇ, ಆದರೆ ಗರ್ಭ ತಡೆಯುವ ಮಾತ್ರೆಯ ಬಲ ಕುಗ್ಗಿಸುತ್ತದೆ. ಅಪ್ರೆಪಿಟೆಂಟ್ ತೆಗೆದುಕೊಂಡರೆ ಒಂದು ತಿಂಗಳು ಗರ್ಭ ತಡೆಯಲು ಬೇರೆ ಉಪಾಯವನ್ನೂ ಮಾಡಬೇಕು. ನಾಚಿಕೆ ಬಿಟ್ಟು ಕೇಳಿ.

ಇದೆಲ್ಲ ಹೇಳಬೇಕಾದ್ದು ಅರಿವಳಿಕೆ ಡಾಕ್ಟರಿಗೆ. ಆಪರೇಷನ್‌ಗೆ ಮುಂಚೆ ಅವರು ಬಂದು ಮಾತಾಡಿಸುತ್ತಾರಲ್ವಾ, ಆಗ ತಿನ್ನುವ ಮಾತ್ರೆಗಳ ಚೀಟಿ ಕೈಗೆ ಕೊಡಿ. ಸೊಂಟದ ಕೆಳಗಿನ ಆಪರೇಷನ್ ಆದರೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಬಹುದಾ ಅಂತಲೂ ಕೇಳಿ, ಪೂರ್ತಿ ಮಂಪರು ಬರಿಸುವುದಕ್ಕಿಂತ ಅದರಲ್ಲಿ ವಾಂತಿ ಕಡಿಮೆ.

ಇಷ್ಟಾದರೂ ವಾರ್ಡಿನಲ್ಲಿ ವಾಂತಿ ಬಂದರೆ? ಕೊಟ್ಟ ಔಷಧಿಯನ್ನೇ ಆರು ಗಂಟೆಯೊಳಗೆ ಮತ್ತೆ ಕೊಟ್ಟರೆ ಹೆಚ್ಚು ಉಪಯೋಗವಿಲ್ಲ, ಬೇರೆ ಗುಂಪಿನದು ಬೇಕು. ಮನೆಗೆ ಬಂದ ಮೇಲೆ ಹೊಟ್ಟೆ ಉಬ್ಬಿ, ಗಾಳಿ ಹೋಗದೆ, ವಾಂತಿ ನಿಲ್ಲದಿದ್ದರೆ ಸುಮ್ನೆ ಮೆಡಿಕಲ್‌ನಿಂದ ಮಾತ್ರೆ ತಂದು ನುಂಗಿಸಬೇಡಿ. ಹೊಟ್ಟೆಯೊಳಗೆ ಬೇರೇನೋ ಆಗಿರಬಹುದು, ರಾತ್ರಿಯಾದರೂ ಸರಿ, ಆಪರೇಷನ್ ಮಾಡಿದ ಡಾಕ್ಟರ ಹತ್ತಿರವೇ ಹೊರಡಿ.