ಎರಿ ಮಣ್ಣಿನ ಜೀವಿಗಳು: ಆಲಿಕೆಯಿಂದ ಇಳಿಸಿ, ಕಾಲು ಎಣಿಸಿ ವಿಂಗಡಿಸುವ ನಮ್ಮ ರೀತಿ

ವಿಜಯಪುರ ಕಡೆಯ ಡೋಣಿ ಕಣಿವೆಯ ಎರಿ (ಕಪ್ಪು ಮಣ್ಣಿನ) ಹೊಲದ ಒಂದು ಹಿಡಿ ಮಣ್ಣನ್ನು ತಟ್ಟೆಗೆ ಸುರಿದು ನೋಡಿದರೆ ಕಣ್ಣಿಗೆ ಬೀಳುವುದು ಒಂದೆರಡು ಇರುವೆ, ಹೆಚ್ಚೆಂದರೆ ಒಂದು ಒರಲೆ (ಗೆದ್ದಲು). ಅದೇ ಮಣ್ಣನ್ನು ಆಲಿಕೆಯಲ್ಲಿಟ್ಟು ಮೇಲಿನಿಂದ ಕಾಯಿಸಿದರೆ ಕೆಳಗಿನ ಶೀಶೆಯಲ್ಲಿ ಒಂದು ಮಿಲಿಮೀಟರಿಗೂ ಚಿಕ್ಕ ನುಸಿಗಳು (ಮೈಟ್), ಬಾಲ ಚಿಮ್ಮಿ ಜಿಗಿಯುವ ಸ್ಪ್ರಿಂಗ್‌ಟೇಲ್‌ಗಳು, ಹೆಸರೇ ಗೊತ್ತಿಲ್ಲದ ಮರಿಗಳು ಬಂದು ಕೂಡುತ್ತವೆ. ಹೊಲದ ಜೀವವೈವಿಧ್ಯ ಎಂದು ನಾವು ಬರೆದುಕೊಳ್ಳುವ ಪಟ್ಟಿಯಲ್ಲಿ ಅರ್ಧ ಹೊಲದ್ದು, ಇನ್ನರ್ಧ ಮಣ್ಣಿನಿಂದ ಅವನ್ನು ಹೊರಗೆ ತೆಗೆದ ರೀತಿಯದು. ಹಾಗಾಗಿ ಹೆಸರು ಹಚ್ಚುವುದಕ್ಕಿಂತ ಹೆಚ್ಚಿನ ಎಚ್ಚರ ತೆಗೆಯುವುದರಲ್ಲಿ ಇರಬೇಕು.

ಮಣ್ಣು ತೆಗೆಯಲು ಒಳವ್ಯಾಸ 5 ಸೆಂ.ಮೀ. ಇರುವ ಪಿವಿಸಿ ಪೈಪಿನ ತುಂಡು ಸಾಕು. ಒಂದು ತುದಿಯನ್ನು ಅರದಿಂದ ಉಜ್ಜಿ ಹರಿತ ಮಾಡಿ, 5 ಸೆಂ.ಮೀ. ಆಳಕ್ಕೆ ಗುರುತು ಹಾಕಿಕೊಳ್ಳಿ. ಹೊಲದ ನಡುವೆ ಹತ್ತು ಕಡೆ, ಒಡ್ಡಿನ ಮೇಲೆ ಹತ್ತು ಕಡೆ, ಬನ್ನಿ ಅಥವಾ ಬೇವಿನ ಗಿಡದ ಬುಡದಲ್ಲಿ ಹತ್ತು ಕಡೆ ತೆಗೆದರೆ ಹೋಲಿಸಲು ಬರುತ್ತದೆ. ಹದ ಮುಖ್ಯ. ಹಸಿ ಎರಿಯಲ್ಲಿ ಪೈಪು ಹೊಕ್ಕರೆ ಅದರ ಗೋಡೆ ಮಣ್ಣಿನ ರಂಧ್ರಗಳನ್ನು ಮೆತ್ತಿಬಿಡುತ್ತದೆ, ಒಣಗಿದ ಎರಿಯಲ್ಲಿ ಪೈಪು ಇಳಿಯುವುದೇ ಇಲ್ಲ. ಮಳೆ ನಿಂತ ಮೇಲೆ ಕುಂಟೆ ಹೊಡೆಯುವ ಹದ ಬರುತ್ತದಲ್ಲ, ಅದೇ ಸರಿಯಾದ ದಿನ. ಬಾದಾಮಿ ಕಡೆಯ ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ಈ ತೊಂದರೆ ಕಡಿಮೆ. ಏಪ್ರಿಲ್-ಮೇ ತಿಂಗಳಲ್ಲಿ ಮೇಲಿನ 5 ಸೆಂ.ಮೀ. ಮಣ್ಣಿನಲ್ಲಿ ಏನೂ ಸಿಗಲಿಲ್ಲವೆಂದರೆ ಹೊಲ ಸತ್ತಿದೆ ಎಂದಲ್ಲ: ಜೀವಿಗಳು ಬಿರುಕಿನ ಜೊತೆಗೆ ಆಳಕ್ಕೆ ಇಳಿದಿರುತ್ತವೆ, ಕೆಲವು ಮೊಟ್ಟೆಯ ರೂಪದಲ್ಲಿ ಉಳಿದಿರುತ್ತವೆ.

ತೆಗೆದ ಮಣ್ಣಿನ ಬಿಲ್ಲೆಯನ್ನು ಒಡೆಯದೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹಸಿ ಬಟ್ಟೆ ಸುತ್ತಿದ ಬುಟ್ಟಿಯಲ್ಲಿ ತರಬೇಕು. ಗಾಡಿಯ ಮೇಲೆ ಬಿಸಿಲಿಗೆ ಅರ್ಧ ತಾಸು ಬಿದ್ದರೂ ಮೆತ್ತನೆಯ ಮೈಯವು ಸಾಯುತ್ತವೆ, ಸತ್ತದ್ದು ಆಲಿಕೆಯಿಂದ ಇಳಿಯುವುದಿಲ್ಲ. ರಾತ್ರಿ ಕಳೆಯಲು ಬಿಟ್ಟರೆ ಚೀಲದೊಳಗೇ ಒಂದು ಇನ್ನೊಂದನ್ನು ತಿನ್ನುತ್ತದೆ. ಅಂದೇ ಆಲಿಕೆಗೆ ಏರಿಸಿ.

ಇಟಲಿಯ ಕೀಟಶಾಸ್ತ್ರಜ್ಞ ಬರ್ಲೀಸ್ 1905ರಲ್ಲಿ ಈ ಆಲಿಕೆಯನ್ನು ಬಿಸಿನೀರಿನಿಂದ ಕಾಯಿಸುತ್ತಿದ್ದ. 1918ರಲ್ಲಿ ಸ್ವೀಡನ್ನಿನ ಟುಲ್‌ಗ್ರೆನ್ ನೀರಿನ ಬದಲು ವಿದ್ಯುತ್ ಬಲ್ಬು ಹಾಕಿದ. ಮಣ್ಣಿನ ಜೀವಿಗಳು ಶಾಖ, ಬೆಳಕು, ಒಣಗುವಿಕೆಯಿಂದ ದೂರ ಸರಿಯುತ್ತವೆ. ಮೇಲಿನಿಂದ ಒಣಗುತ್ತ ಬಂದಂತೆ ಅವು ಕೆಳಗೆ ಇಳಿದು, ಜಾಳಿಗೆಯಿಂದ ಜಾರಿ ಕೆಳಗಿನ ಶೀಶೆಯ ಸ್ಪಿರಿಟ್ಟಿಗೆ (ಆಲ್ಕೊಹಾಲ್) ಬೀಳುತ್ತವೆ. ಐದು ಲೀಟರಿನ ನೀರಿನ ಕ್ಯಾನನ್ನು ಮಧ್ಯಕ್ಕೆ ಕತ್ತರಿಸಿ ಬಾಯಿ ಕೆಳಗೆ ಮಾಡಿದರೆ ಹೊರಗೂಡು ಸಿದ್ಧ. ಅದರ ಇಳಿಜಾರು ಸಾಲದು, ಒಳಗೆ ನುಣುಪಾದ ಡ್ರಾಯಿಂಗ್ ಶೀಟಿನ ಶಂಕು ಮಾಡಿ ಕೂಡಿಸಿ. ಗೋಡೆ ಎಷ್ಟು ಕಡಿದಾಗಿದ್ದರೆ ಅಷ್ಟು ಒಳ್ಳೆಯದು, 60 ಡಿಗ್ರಿಗಿಂತ ಮಲಗಬಾರದು. ಮೇಲೆ 2 ಮಿ.ಮೀ. ಕಣ್ಣಿನ ತಂತಿ ಜಾಳಿಗೆ. ಹಿಟ್ಟಿನ ಸಾಣಿಗೆ ಹಾಕಿದರೆ ಜೀರುಂಡೆ, ಜರಿ ಮೇಲೆಯೇ ಉಳಿದು ಒಣಗುತ್ತವೆ.

ಬಿಲ್ಲೆಯನ್ನು ತಲೆಕೆಳಗಾಗಿ ಇಡಬೇಕು, ಹೊಲದಲ್ಲಿ ಮೇಲಿದ್ದ ಮುಖ ಈಗ ಕೆಳಗೆ. ಮೇಲ್ಮಣ್ಣಿನ ರಂಧ್ರಗಳು ಅಗಲ, ಇಳಿಯುವ ದಾರಿ ಸಲೀಸು. ಇಟ್ಟ ತಕ್ಷಣ ಒಂದಿಷ್ಟು ಪುಡಿ ಉದುರುತ್ತದೆ, ಅದು ಉದುರಿ ಮುಗಿದ ಮೇಲೆಯೇ ಸ್ಪಿರಿಟ್ ಶೀಶೆಯನ್ನು ಕೆಳಗಿಡಿ. ಇಲ್ಲವಾದರೆ ಕೆಸರಿನಲ್ಲಿ ನುಸಿ ಹುಡುಕುವ ಕೆಲಸ ಬರುತ್ತದೆ. ಬಿದ್ದ ಪುಡಿಯನ್ನು ಮತ್ತೆ ಬಿಲ್ಲೆಯ ಮೇಲೆಯೇ ಹಾಕಿ.

ಬಲ್ಬು ಮಾತ್ರ ಹಳೆಯ ತಂತಿಯದೇ ಆಗಬೇಕು. ಎಲ್‌ಇಡಿ ಬೆಳಕು ಕೊಡುತ್ತದೆ, ಬೇಕಾದಷ್ಟು ಶಾಖ ಕೊಡುವುದಿಲ್ಲ. ಕೋಳಿಮರಿ ಸಾಕುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಈಗಲೂ ಕೇಳಿ ನೋಡಬಹುದು. 40 ವ್ಯಾಟ್ ಬಲ್ಬನ್ನು ಮೊದಲ ದಿನ ಒಂದಡಿ ಎತ್ತರದಲ್ಲಿಟ್ಟು, ದಿನಕ್ಕಿಷ್ಟು ಎಂದು ಇಳಿಸುತ್ತ ಬನ್ನಿ. ಮೊದಲೇ ಹತ್ತಿರ ಇಟ್ಟರೆ ಎರಿ ಮಣ್ಣಿನ ಹೊರಗೆ ಇಟ್ಟಿಗೆಯಂಥ ಚಿಪ್ಪು ಕಟ್ಟಿ, ನಿಧಾನವಾಗಿ ನಡೆಯುವ ನುಸಿಗಳೆಲ್ಲ ಒಳಗೇ ಸಾಯುತ್ತವೆ. ಮಸಾರಿ ಮೂರು ದಿನಕ್ಕೆ ಒಣಗುತ್ತದೆ, ಎರಿಗೆ ಐದಾರು ದಿನ ಬೇಕು. ಬಿಲ್ಲೆಯ ತಳ ಬೆರಳಿಗೆ ತಂಪು ಹತ್ತದಂತಾದರೆ ಮುಗಿಯಿತು. ಶಂಕುವಿನ ಒಳಗೋಡೆಗೆ ಬೆವರು ಕಟ್ಟಿದರೆ ಸಣ್ಣವು ಅಲ್ಲೇ ಅಂಟುತ್ತವೆ, ಜಾಳಿಗೆಯ ಸುತ್ತ ಬೆರಳಗಲ ಗಾಳಿಯ ಸಂದು ಬಿಡಿ.

ಸ್ಪಿರಿಟ್ 70 ಪ್ರತಿಶತ ಇರಲಿ. 95 ಪ್ರತಿಶತದ್ದು ಸಿಕ್ಕರೆ 70 ಮಿ.ಲೀ.ಗೆ 25 ಮಿ.ಲೀ. ನೀರು. ಸ್ಯಾನಿಟೈಸರ್ ಜೆಲ್ ಬೇಡ. ಚೀಟಿಯನ್ನು ಪೆನ್ಸಿಲ್ಲಿನಿಂದ ಬರೆದು ಶೀಶೆಯ ಒಳಗೇ ಹಾಕಿ: ಊರು, ದಿನಾಂಕ, ಆಳ, ಯಾವ ಗಿಡದ ಬುಡ. ಬಾಲ್‌ಪೆನ್ ಶಾಯಿ ಸ್ಪಿರಿಟ್ಟಿನಲ್ಲಿ ಕರಗುತ್ತದೆ.

ಆಲಿಕೆಗೆ ಬಾರದವೂ ಇವೆ. ಎರೆಹುಳು, ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳುಗಳಿಗೆ 25 ಸೆಂ.ಮೀ. ಚೌಕದಲ್ಲಿ 30 ಸೆಂ.ಮೀ. ಆಳ ಅಗೆದು ಕೈಯಿಂದಲೇ ಆರಿಸಬೇಕು, ಎಣಿಕೆಯನ್ನು 16ರಿಂದ ಗುಣಿಸಿದರೆ ಚದರ ಮೀಟರಿಗೆ ಲೆಕ್ಕ. ನೀರಿನ ಪೊರೆಯಲ್ಲಿ ಈಜುವ ಜಂತುಹುಳುಗಳಿಗೆ (ನೆಮಟೋಡ್) ಒಣ ಆಲಿಕೆ ಸಾವಿನ ದಾರಿ, ಅವಕ್ಕೆ ನೀರು ತುಂಬಿದ ಆಲಿಕೆಯೇ ಬೇರೆ. ಮಣ್ಣು ಕಲ್ಲಾಗಿದ್ದರೆ ಲೀಟರ್ ನೀರಿಗೆ 350 ಗ್ರಾಂ ಉಪ್ಪು ಕರಗಿಸಿ ಅದರಲ್ಲಿ ಮಣ್ಣು ಕಲಕಿದಾಗ ಹಲವು ಜೀವಿಗಳು ತೇಲುತ್ತವೆ. ಆದರೆ ಹಿಂದೆ ಸತ್ತವೂ ತೇಲುತ್ತವೆ, ಆ ಎಣಿಕೆಯನ್ನು ಆಲಿಕೆಯ ಎಣಿಕೆಯ ಪಕ್ಕದಲ್ಲಿಟ್ಟು ಹೋಲಿಸಬಾರದು.

ಈಗ ವಿಂಗಡಣೆ. ಬಿಳಿ ಪಿಂಗಾಣಿ ತಟ್ಟೆಗೆ ಸುರಿದು, ಸೊನ್ನೆ ನಂಬರಿನ ಬಣ್ಣದ ಕುಂಚದಿಂದ ಸರಿಸುತ್ತ ಹತ್ತು ಪಟ್ಟು ಮಸೂರದಲ್ಲಿ ನೋಡಿ. ಮೊದಲ ಪ್ರಶ್ನೆ ಕಾಲಿನದು. ಆರು ಕಾಲಿದ್ದರೆ ಕೀಟ ಎಂದು ಬರೆಯುವ ಅವಸರ ಬೇಡ. ಸ್ಪ್ರಿಂಗ್‌ಟೇಲ್‌ಗೂ ಆರು ಕಾಲು, ಹೊಟ್ಟೆಯ ಕೆಳಗೆ ಮಡಚಿದ ಕವಲು ಬಾಲವಿದ್ದರೆ ಅದೇ. ಹಿಂದೆ ಕೀಟಗಳಲ್ಲಿ ಸೇರಿಸುತ್ತಿದ್ದರು, ಈಗ ಬಾಯಿಯ ಭಾಗಗಳು ತಲೆಯೊಳಗೆ ಹುದುಗಿರುವುದರಿಂದ ಬೇರೆ ವರ್ಗ. ಆಳದ ಮಣ್ಣಿನವಕ್ಕೆ ಆ ಬಾಲವೇ ಸವೆದು ಹೋಗಿರುತ್ತದೆ, ಆಗ ಹೊಟ್ಟೆಯ ಖಂಡ ಎಣಿಸಿ: ಆರಕ್ಕಿಂತ ಹೆಚ್ಚಿರುವುದಿಲ್ಲ.

ಎಂಟು ಕಾಲು, ಮೀಸೆ ಇಲ್ಲ ಎಂದರೆ ಜೇಡ, ಚೇಳು, ನುಸಿಗಳ ಬಳಗ. ಚಿಮಟದಂಥ ಕೈ ಇದ್ದು ಬಾಲವಿಲ್ಲದಿದ್ದರೆ ಹುಸಿಚೇಳು. ಕಂದು ಬಣ್ಣದ, ಗಟ್ಟಿ ಚಿಪ್ಪಿನ, ನಿಧಾನದ ನುಸಿ ಕೊಳೆತದ್ದನ್ನೂ ಶಿಲೀಂಧ್ರವನ್ನೂ ತಿನ್ನುತ್ತದೆ. ಉದ್ದ ಕಾಲಿನ ಚುರುಕಿನದು ಬಹುಮಟ್ಟಿಗೆ ಬೇಟೆಗಾರ. ಇಲ್ಲಿ ಎಣಿಕೆ ತಪ್ಪುವ ಜಾಗ ಒಂದಿದೆ: ನುಸಿಯ ಮರಿಗೆ ಆರೇ ಕಾಲು. ಮಿರಗ (ಮೃಗಶಿರಾ ಮಳೆ) ಕೂಡಿದ ಮೇಲೆ ಹೊಲದಲ್ಲಿ ಹರಿದಾಡುವ ಕೆಂಪು ಮಖಮಲ್ಲಿನ ಹುಳವೂ ನುಸಿಯೇ, ಅದರ ಮರಿ ಆರು ಕಾಲಿನಲ್ಲಿ ಬೇರೆ ಸಂಧಿಪದಿಗಳ ಮೈಗೆ ಅಂಟಿ ಬದುಕುತ್ತದೆ. ಮೀಸೆ ಇಲ್ಲದ ಆರು ಕಾಲಿನದು ಸಿಕ್ಕರೆ ಮೊದಲು ನುಸಿಮರಿ ಎಂದೇ ಅನುಮಾನಿಸಿ.

ಹದಿನಾಲ್ಕು ಕಾಲಿನ ಚಪ್ಪಟೆ ಜೀವಿ ಕಲ್ಲಿನ ಕೆಳಗೆ ಸಿಕ್ಕರೆ ಅದು ಏಡಿಯ ಬಳಗದ್ದು. ಒಂದು ಖಂಡಕ್ಕೆ ಒಂದು ಜೊತೆ ಕಾಲಿದ್ದರೆ ಜರಿ, ಬಹುಪಾಲು ಖಂಡಗಳಿಗೆ ಎರಡೆರಡು ಜೊತೆ ಇದ್ದರೆ ಸಹಸ್ರಪದಿ. ಬೆಳ್ಳಗೆ, ಕೆಲವೇ ಮಿಲಿಮೀಟರ್ ಉದ್ದ, 12 ಜೊತೆ ಕಾಲು ಎಂದರೆ ಜರಿಮರಿ ಅಲ್ಲ, ಸಿಂಫೈಲಾ ಎಂಬ ಬೇರೆಯೇ ವರ್ಗ. ಬೆಳೆದ ಜರಿಗೆ ಕಾಲಿನ ಜೊತೆಗಳು ಯಾವಾಗಲೂ ಬೆಸ ಸಂಖ್ಯೆ. ಕಾಲೇ ಇಲ್ಲದೆ ತಲೆ ಗುರುತು ಸಿಗದಿದ್ದರೆ ನೊಣದ ಮರಿ ಇರಬಹುದು, ಎರೆಹುಳುವಿನ ಸಾಲಿಗೆ ಹಾಕಬೇಡಿ.

ಇರುವೆಗೂ ಒರಲೆಗೂ ಬಣ್ಣ ನೋಡಿ ಭೇದ ಮಾಡುವವರು ಬಹಳ. ನಡು ನೋಡಿ: ಇರುವೆಗೆ ಸಣ್ಣ ನಡು, ಮೊಣಕೈಯಂತೆ ಬಾಗಿದ ಮೀಸೆ; ಒರಲೆಗೆ ನಡುವೇ ಇಲ್ಲ, ಮಣಿ ಪೋಣಿಸಿದಂಥ ನೇರ ಮೀಸೆ. ಇರುವೆ ಕಣಜದ ಬಳಗ. ಒರಲೆಗೆ ಮೊದಲು ಪ್ರತ್ಯೇಕ ಗಣವೇ (ಆರ್ಡರ್) ಇತ್ತು, 2007ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದ ನಂತರ ಜಿರಲೆಗಳ ಗಣದೊಳಗೆ ಬಂದಿದೆ. ಹಳೆಯ ಪುಸ್ತಕ ಇಟ್ಟುಕೊಂಡವರು ಇಷ್ಟನ್ನು ತಿದ್ದಿಕೊಳ್ಳಿ.

ಇಲ್ಲಿಗೆ ನಾನು ನಿಲ್ಲಿಸುತ್ತೇನೆ. ಗಣದವರೆಗೆ ಖಚಿತವಾದ ಪಟ್ಟಿ, ಫೋಟೋ ನೋಡಿ ಊಹಿಸಿದ ಪ್ರಭೇದದ ಹೆಸರುಗಳಿಗಿಂತ ಉಪಯೋಗಕ್ಕೆ ಬರುತ್ತದೆ. ನುಸಿಯ ಪ್ರಭೇದ ಹೇಳಲು ಅದನ್ನು ತಿಳಿಯಾಗಿಸಿ ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ರೋಮ ಎಣಿಸಬೇಕು, ಅದು ತಜ್ಞರ ಕೆಲಸ.

ಲೆಕ್ಕ ಸರಳ. ಹತ್ತು ಬಿಲ್ಲೆಗಳ ಒಟ್ಟು ಎಣಿಕೆಯನ್ನು 51ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟೆಂದು ಬರುತ್ತದೆ. ವೈವಿಧ್ಯಕ್ಕೆ ಸಿಂಪ್ಸನ್ ಸೂಚ್ಯಂಕ: ಪ್ರತಿ ಗುಂಪಿನ ಪಾಲನ್ನು ಅದರಿಂದಲೇ ಗುಣಿಸಿ, ಬಂದದ್ದನ್ನೆಲ್ಲ ಕೂಡಿ, ಒಂದರಿಂದ ಕಳೆಯಿರಿ; ಅಂಕಿ ದೊಡ್ಡದಾದಷ್ಟು ವೈವಿಧ್ಯ ಹೆಚ್ಚು. ಉದಾಹರಣೆಗೆ ನೂರರಲ್ಲಿ ನಾಲ್ಕು ಗುಂಪು 40, 30, 20, 10 ಇದ್ದರೆ 0.70. ಅದೇ ನಾಲ್ಕು ಗುಂಪು 97, 1, 1, 1 ಇದ್ದರೆ 0.06ರ ಹತ್ತಿರ. ಎರಡನೆಯ ತರಹದ ಅಂಕಿ ಬಂದಾಗ ಹೊಲವನ್ನು ದೂರುವ ಮುಂಚೆ ಆ 97 ಯಾವುದು ಎಂದು ನೋಡಿ. ಪೈಪು ಒರಲೆಯ ಸುರಂಗಕ್ಕೋ ಇರುವೆಗೂಡಿಗೋ ಹೊಕ್ಕಿದ್ದರೆ ಒಂದೇ ಬಿಲ್ಲೆ ಇಡೀ ಲೆಕ್ಕವನ್ನು ಕೆಡಿಸುತ್ತದೆ. ಗೂಡು ಕಟ್ಟಿ ಬದುಕುವ ಇವೆರಡನ್ನೂ ಸೂಚ್ಯಂಕದಿಂದ ಹೊರಗಿಟ್ಟು, ಹತ್ತು ಬಿಲ್ಲೆಗಳಲ್ಲಿ ಎಷ್ಟರಲ್ಲಿ ಸಿಕ್ಕವು ಎಂದಷ್ಟೇ ಬೇರೆ ಕಾಲಮ್ಮಿನಲ್ಲಿ ಬರೆದಿಡಿ.