ಡಿಸ್ಪೇಸ್ ಮತ್ತೆ ಹಾಕಿದ್ಮೇಲೆ ಸರ್ಚ್ ಖಾಲಿ ಬರ್ತಿತ್ತು, ಹೀಗೆ ಸರಿಯಾಯ್ತು

ನಮ್ಮ ಕಾಲೇಜ್ ಲೈಬ್ರರಿಲಿ ಹಳೇ ಪ್ರಶ್ನೆಪತ್ರಿಕೆ, ಪಿಎಚ್‌ಡಿ ಪ್ರಬಂಧ ಎಲ್ಲಾ ಡಿಸ್ಪೇಸ್ 7 ಅನ್ನೋ ಡಿಜಿಟಲ್ ಸಂಗ್ರಹದ ಸಾಫ್ಟ್‌ವೇರಲ್ಲೇ ಇರೋದು. ಹೊಸ ಉಬುಂಟು ಸರ್ವರ್‌ಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡಂಪ್ (ಪೂರ್ತಿ ಕಾಪಿ) ಮತ್ತೆ ಪಿಡಿಎಫ್‌ಗಳಿರೋ ಅಸೆಟ್‌ಸ್ಟೋರ್ ಫೋಲ್ಡರ್ ತಂದು ಹಾಕಿದ್ವಿ, ಡಿಸ್ಪೇಸ್ ಓಡಿಸೋ ಟಾಮ್‌ಕ್ಯಾಟ್ ಶುರುವಾಯ್ತು, 4000 ಪೋರ್ಟಲ್ಲಿ ಪೇಜೂ ಬಂತು, ಆದ್ರೆ ಏನ್ ಹುಡುಕಿದ್ರೂ ಒಂದೂ ಸಿಗ್ತಿರ್ಲಿಲ್ಲ.

ಡೇಟಾಬೇಸ್ ನೋಡಿದ್ರೆ ಐಟಂಗಳೆಲ್ಲ ಹಾಗೇ ಇವೆ. ಹುಡುಕೋ ಕೆಲಸ ಮಾಡೋದು ಸೋಲರ್ ಅನ್ನೋ ಸರ್ಚ್ ಸಾಫ್ಟ್‌ವೇರ್ ಅಲ್ವಾ, 8983 ಪೋರ್ಟ್‌ಗೆ ಹೋದ್ರೆ ಕೋರ್ (ಅದರ ಒಂದೊಂದು ಇಂಡೆಕ್ಸ್) ಲಿಸ್ಟಲ್ಲಿ 'ಸರ್ಚ್' ಅನ್ನೋದೇ ಇಲ್ಲ! ಡಿಸ್ಪೇಸ್‌ನ ಸೋಲರ್ ಫೋಲ್ಡರಲ್ಲಿರೋದನ್ನ ಸೋಲರ್‌ನ ಕಾನ್ಫಿಗ್‌ಸೆಟ್ಸ್ ಫೋಲ್ಡರ್‌ಗೆ ಕಾಪಿ ಮಾಡಿ, ಫೈಲ್‌ಗಳ ಓನರ್ ರೂಟ್ ಅಂತ ಇತ್ತು ಅದನ್ನ ಸೋಲರ್ ಯೂಸರ್‌ಗೆ ಬದಲಾಯಿಸಿ, ರೀಸ್ಟಾರ್ಟ್ ಕೊಟ್ಟೆ. ಕೋರ್‌ಗಳು ಬಂದ್ವು. ಆಮೇಲೆ ಡಿಸ್ಪೇಸ್ ಯೂಸರಲ್ಲಿ 'ಇಂಡೆಕ್ಸ್-ಡಿಸ್ಕವರಿ' ಕಮಾಂಡ್ ಜೊತೆ ಮೈನಸ್ ಬಿ ಹಾಕಿ ಓಡಿಸಿದೆ, ಇಂಡೆಕ್ಸ್ ಪೂರ್ತಿ ಹೊಸದಾಗಿ ಕಟ್ಟುತ್ತೆ, ಪ್ರಬಂಧಗಳು ಒಂದೊಂದಾಗಿ ಸರ್ಚಲ್ಲಿ ಕಾಣ್ಸಿದಾಗ ಎಷ್ಟ್ ಸಮಾಧಾನ ಆಯ್ತು ಗೊತ್ತಾ.

ಹಳೇ ಸರ್ವರಿಂದ ಡಿಸ್ಪೇಸ್ ತೆಗೆಯೋರು ದಯವಿಟ್ಟು ಸೀದಾ ಅದರ ಫೋಲ್ಡರ್ ಡಿಲೀಟ್ ಮಾಡ್ಬೇಡಿ. ಅಸೆಟ್‌ಸ್ಟೋರ್ ಸಾಮಾನ್ಯವಾಗಿ ಅದರೊಳಗೇ ಇರುತ್ತೆ, ಪಿಡಿಎಫ್ ಎಲ್ಲಾ ಹೋಗ್ಬಿಡುತ್ತೆ, ಆದ್ರೆ ಡೇಟಾಬೇಸ್ ಮಾತ್ರ ಪೋಸ್ಟ್‌ಗ್ರೆಸ್‌ನಲ್ಲಿ ಉಳ್ಕೊಂಡಿರುತ್ತೆ, ಅದನ್ನ ಬೇರೆಯಾಗಿ ಡ್ರಾಪ್ ಮಾಡಿ ಅಳಿಸ್ಬೇಕು. ಯಾವ ಪ್ರಬಂಧ ಎಷ್ಟ್ ಜನ ನೋಡಿದ್ರು ಅನ್ನೋ ಲೆಕ್ಕ ಸೋಲರ್‌ನ ಸ್ಟ್ಯಾಟಿಸ್ಟಿಕ್ಸ್ ಕೋರಲ್ಲಷ್ಟೇ ಇರೋದು, ರೀಇಂಡೆಕ್ಸ್ ಮಾಡಿದ್ರೆ ಅದು ವಾಪಸ್ ಬರಲ್ಲ, ಮೊದಲೇ ಎಕ್ಸ್‌ಪೋರ್ಟ್ ತಗೊಂಡಿಟ್ಕೊಳ್ಳಿ.